ಎಣ್ಣೆಯ ಹದ

ಇಂಜಿನ್ನಿನ ಗುಡುಗನ್ನು ಮೆಚ್ಚುವವರು ಎಲ್ಲ ಊರಲ್ಲೂ ಇದ್ದಾರೆ. ಕೀ ತಿರುಗಿಸಿದ ಮೇಲೆ, ಇಂಜಿನ್ ಹಿಡಿದುಕೊಳ್ಳುವ ಮುಂಚೆ, ಒಂದೋ ಒಂದೂವರೆಯೋ ಸೆಕೆಂಡು ಕೇಳಿಸಿ ಅಡಗಿಹೋಗುವ ಸದ್ದಿಗೆ ಕಿವಿಗೊಡುವವರು ಕಡಿಮೆ. ಅದು ಸೆಲ್ಫಿನ ಸದ್ದು. ಸ್ಟಾರ್ಟರ್ ಮೋಟರನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸೆಲ್ಫ್ ಅನ್ನುತ್ತಾರೆ, ಕೋಲ್ಕತ್ತಾದ ಮಲ್ಲಿಕ್ ಬಜಾರಿನಲ್ಲೂ ಸೆಲ್ಫ್ ಅನ್ನುತ್ತಾರೆ. ಬೆಂಗಳೂರಿನಲ್ಲಿದ್ದಷ್ಟು ಕಾಲ ನಾನು ಅದರ ಕಡೆ ಗಮನ ಕೊಟ್ಟವನಲ್ಲ. ಕೋಲ್ಕತ್ತಾದ ದಕ್ಷಿಣ ಭಾಗದಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿಗೆ ಎದುರಾದ ಮನೆಯೊಂದರಲ್ಲಿ ಬಾಡಿಗೆಗಿದ್ದು, ಲೇಕ್ ಮಾರ್ಕೆಟ್ಟಿನಿಂದ ತಂದ ಪುಡಿಯ ಫಿಲ್ಟರ್ ಕಾಫಿ ಹಿಡಿದು ಬೆಳಿಗ್ಗೆ ಬಾಲ್ಕನಿಯಲ್ಲಿ ಕೂರುವ ಅಭ್ಯಾಸವಾದ ಮೇಲೆ ಕಿವಿ ತಾನಾಗಿ ಪಳಗಿತು.

ಹಳದಿ ಅಂಬಾಸಿಡರ್‌ಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಚಾಲಕರಲ್ಲಿ ಬಹಳ ಮಂದಿ ಬಿಹಾರದವರು. ಮುಖ ತೊಳೆದು, ಮಣ್ಣಿನ ಭಾಂಡಿನಲ್ಲಿ ಚಹಾ ಕುಡಿದು, ಒಬ್ಬೊಬ್ಬರಾಗಿ ಸೆಲ್ಫ್ ಹೊಡೆಯುತ್ತಿದ್ದರು. ಒಂದು ಗಾಡಿ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಕರೆಂಟು ಸೊಲೆನಾಯ್ಡ್ ಎಂಬ ಸ್ವಿಚ್ಚಿನವರೆಗೆ ಬಂದಿದೆ, ಮುಂದೆ ಹೋಗಿಲ್ಲ. ಇನ್ನೊಂದು ‘ಝುಂಯ್’ ಎಂದು ಒಂಟಿಯಾಗಿ ತಿರುಗುತ್ತಿತ್ತು. ಮೋಟರು ಓಡುತ್ತಿದೆ, ಅದರ ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿ ಇಂಜಿನ್ನಿನ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಲ್ಲ. ಮತ್ತೊಂದು ‘ಗರ್ರ್’ ಎಂದು ಕಬ್ಬಿಣ ಕಡಿಯುತ್ತಿತ್ತು, ಕೇಳಿದವರ ಹಲ್ಲೇ ಚಳಿಗಟ್ಟಬೇಕು. ಅವುಗಳ ನಡುವೆ ಚೆನ್ನಾಗಿ ನೋಡಿಕೊಂಡ ಸೆಲ್ಫ್ ಒಂದಿದ್ದರೆ ಅದರ ಮಾತೇ ಬೇರೆ. ‘ಚಕ್’ ಎಂದು ಹಲ್ಲು ಕೂರುತ್ತದೆ. ಕೂಡಲೇ ನಾಲ್ಕು ಸಿಲಿಂಡರುಗಳ ಒತ್ತಡ ಒಂದಾದಮೇಲೊಂದು ಏರಿ ಇಳಿಯುವ ‘ವ-ವ-ವ-ವ’, ನಡುವೆ ಎಲ್ಲೂ ಉಸಿರು ಕಟ್ಟದೆ. ಆಮೇಲೆ ಇಂಜಿನ್ ಹಿಡಿದ ಕ್ಷಣಕ್ಕೆ ಪಿನಿಯನ್ ಹಿಂದಕ್ಕೆ ಹಾರಿ ಸ್ವಸ್ಥಾನ ಸೇರಿದ ಒಂದು ಪುಟ್ಟ ‘ಟಿಣ್’. ಈ ಕೊನೆಯ ಟಿಣ್ ನನಗೆ ಅಚ್ಚುಮೆಚ್ಚು. ಟ್ಯಾಕ್ಸಿಗಳೆಲ್ಲ ಡೀಸೆಲ್ಲಿಗೆ ತಿರುಗಿ, ಸೊಲೆನಾಯ್ಡೇ ಪಿನಿಯನ್ನನ್ನು ತಳ್ಳಿಕೊಡುವ ಸೆಲ್ಫ್ ಬಂದ ಮೇಲೆ ಅದು ಅಪರೂಪವಾಯಿತು. ಹಳೆಯ ಪೆಟ್ರೋಲ್ ಗಾಡಿ ಉಳಿಸಿಕೊಂಡ ಮನೆಗಳಲ್ಲಷ್ಟೇ ಕೇಳಬೇಕು. ನಮ್ಮ ಬೀದಿಯ ನಿವೃತ್ತ ಡಾಕ್ಟರೊಬ್ಬರ ಬಳಿ ಅಂಥದೊಂದು ಇತ್ತು.

ಅಂಬಾಸಿಡರ್ ಈ ಊರಿನ ಮನೆಮಗಳು. ಹೌರಾದಿಂದ ಬರ್ಧಮಾನದ ಕಡೆ ಹೋಗುವ ಲೋಕಲ್ ರೈಲಿನಲ್ಲಿ ಹಿಂದ್ ಮೋಟರ್ ಎಂಬ ಸ್ಟೇಷನ್ನೇ ಬರುತ್ತದೆ. ಕಾರ್ಖಾನೆಯ ಹೆಸರೇ ಊರಿನ ಹೆಸರಾಗಿದೆ. 1942ರಲ್ಲಿ ಶುರುವಾದ ಹಿಂದೂಸ್ತಾನ್ ಮೋಟರ್ಸ್, ಉತ್ತರಪಾರಾದ ಆ ಕಾರ್ಖಾನೆಯಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಿಂದ ಈ ಕಾರನ್ನು ಮಾಡತೊಡಗಿದ್ದು 1957ರಲ್ಲಿ, ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. 2017ರಲ್ಲಿ ಹೆಸರನ್ನೂ 80 ಕೋಟಿ ರೂಪಾಯಿಗೆ ಪೆಜೊ ಕಂಪನಿಗೆ ಮಾರಿಯಾಯಿತು. ಡಾಕ್ಟರ ಗಾಡಿಯದು 1489 ಸಿಸಿ ಪೆಟ್ರೋಲ್ ಇಂಜಿನ್. ಅದರ ಪಕ್ಕೆಯಲ್ಲಿ, ಕೈ ಹಾಕಿದರೆ ಮೊಣಕೈ ತರಚುವ ಜಾಗದಲ್ಲಿ, ಲ್ಯೂಕಸ್ ಸೆಲ್ಫ್. ಮುಂದಿನ ಬಂಪರಿನಲ್ಲಿ ಹ್ಯಾಂಡಲ್ ತೂರಿಸುವ ತೂತು ಕೂಡ ಇದೆ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಮಡಚಿಕೊಳ್ಳಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟೇ ಹೋಗುತ್ತದೆ.

ಆ ಒದೆತದಿಂದ ಜನರನ್ನು ಪಾರುಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1911ರಲ್ಲಿ ಆತ ಮಾಡಿಕೊಟ್ಟ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅವನ ಹಿಂದಿನ ಕಸುಬು ಅಂಗಡಿಯ ಗಲ್ಲಾಪೆಟ್ಟಿಗೆಗೆ ಮೋಟರು ಕೂರಿಸುವುದು. ಕ್ಯಾಷ್ ರಿಜಿಸ್ಟರಿನ ಡ್ರಾಯರು ಒಂದು ಸಲ ತೆರೆಯುವುದಕ್ಕೆ ಮೋಟರು ದಿನವಿಡೀ ದುಡಿಯಬೇಕಿಲ್ಲ, ಒಂದು ಕ್ಷಣ ಮೈಮೀರಿ ದುಡಿದರೆ ಸಾಕು ಎಂಬುದು ಅಲ್ಲಿ ಅವನಿಗೆ ಹೊಳೆದ ಗುಟ್ಟು. ಇಂಜಿನ್ ತಿರುಗಿಸಲು ಇಂಜಿನ್ನಿನಷ್ಟೇ ದೊಡ್ಡ ಮೋಟರು ಬೇಕೆಂದು ಬೇರೆಯವರು ಲೆಕ್ಕ ಹಾಕುತ್ತಿದ್ದಾಗ ಈತ ಅದಕ್ಕಿಂತ ಎಷ್ಟೋ ಚಿಕ್ಕದನ್ನು ಕೂರಿಸಿದ. ಸೆಲ್ಫಿನ ಸ್ವಭಾವ ಇಂದಿಗೂ ಅದೇ. 12 ವೋಲ್ಟಿನಲ್ಲಿ ನೂರಾರು ಆಂಪಿಯರ್ ಕುಡಿದು, ಕೆಲವೇ ಸೆಕೆಂಡು ಜೀವ ಬಿಟ್ಟು ದುಡಿದು, ಉಳಿದ ದಿನವೆಲ್ಲ ತೆಪ್ಪಗೆ ತೂಗಾಡಿಕೊಂಡಿರುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯುತ್ತಲೇ ಇರುವವರು ಅದನ್ನು ಸುಡುತ್ತಿದ್ದಾರೆ ಎಂದೇ ಅರ್ಥ.

ಡಾಕ್ಟರ ಗಾಡಿ ಒಂದು ಮಳೆಗಾಲ ಝುಂಯ್ ಅನ್ನತೊಡಗಿತು. ಸೆಲ್ಫನ್ನು ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಇಬ್ಬರೂ ಮಲ್ಲಿಕ್ ಬಜಾರಿಗೆ ಹೋದೆವು. ಪಾರ್ಕ್ ಸ್ಟ್ರೀಟು ಲೋವರ್ ಸರ್ಕ್ಯುಲರ್ ರಸ್ತೆಯನ್ನು ಕೂಡುವ ಕಡೆ ಇದೆ ಅದು. ಪಕ್ಕದಲ್ಲೇ ಕವಿ ಮೈಕೇಲ್ ಮಧುಸೂದನ ದತ್ತರು ಮಲಗಿರುವ ಹಳೆಯ ಸ್ಮಶಾನ. ಇತ್ತ ಕಾರುಗಳ ಸ್ಮಶಾನ, ಆದರೆ ಇಲ್ಲಿ ಸತ್ತವು ದಿನವೂ ಎದ್ದು ಹೋಗುತ್ತವೆ. ಡೋರು, ಬಾನೆಟ್ಟು, ಹಾರ್ನು, ಕಾರ್ಬ್ಯುರೇಟರು, ಗೋಡೆಯೆತ್ತರಕ್ಕೆ ಪೇರಿಸಿದ ಸೈಲೆನ್ಸರು. ಅದರೊಳಗೆ ಒಂದು ಗೂಡಿನಲ್ಲಿ ಬರಿಯ ಸೆಲ್ಫು, ಡೈನಮೋ ಬಿಚ್ಚುವ ಹಿರಿಯ ಮಿಸ್ತ್ರಿಯೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾವೂ ಅಂದೆವು.

ಚಾಚಾ ಮೊದಲು ಸೆಲ್ಫಿನ ಮೂತಿ ನೋಡಿದರು, ಆಮೇಲೆ ಡಾಕ್ಟರ ಮುಖ ನೋಡಿದರು. ‘ಇದಕ್ಕೆ ಗ್ರೀಸು ಮೆತ್ತಿದ್ದು ಯಾರು?’

ಡಾಕ್ಟರ ಡ್ರೈವರು ಭಕ್ತಿಯಿಂದ ಮೆತ್ತಿದ್ದ. ಅದೇ ಕಾಯಿಲೆ.

ಅದೇಕೆ ಎಂದು ತಿಳಿಯಬೇಕಾದರೆ ಬೆಂಡಿಕ್ಸಿನ ಆಟ ನೋಡಬೇಕು. ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್ ಹೆಸರಿನ ಈ ಸಾಧನದಲ್ಲಿ, ಮೋಟರಿನ ಶಾಫ್ಟಿನ ಮೇಲೆ ಅಗಲ ಹೊರಳಿನ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ಕೊರೆದ ಒಂದು ತೋಳು, ಅದರ ಮೇಲೆ ಪಿನಿಯನ್. ಪಿನಿಯನ್ನನ್ನು ಯಾರೂ ತಳ್ಳುವುದಿಲ್ಲ, ಎಳೆಯುವುದಿಲ್ಲ. ಶಾಫ್ಟು ಗಕ್ಕನೆ ತಿರುಗಿದಾಗ ಪಿನಿಯನ್ ತನ್ನ ಜಡತ್ವದಿಂದ ತಿರುಗದೆ ಉಳಿಯುತ್ತದೆ. ತಿರುಗದ ನಟ್ಟು ತಿರುಗುವ ಬೋಲ್ಟಿನ ಮೇಲೆ ಏನು ಮಾಡಬೇಕೋ ಅದನ್ನೇ ಮಾಡುತ್ತದೆ, ಮರೆಗುಂಟ ಸರಿದು ಹೋಗಿ ಫ್ಲೈವೀಲಿನ ರಿಂಗಿಗೆ ಹಲ್ಲು ಕೊಡುತ್ತದೆ. ತುದಿ ಮುಟ್ಟಿದಾಗಿನ ಪೆಟ್ಟನ್ನು ದಪ್ಪ ಸ್ಪ್ರಿಂಗೊಂದು ನುಂಗುತ್ತದೆ. ಇಂಜಿನ್ ಹಿಡಿದು ಫ್ಲೈವೀಲೇ ವೇಗವಾಯಿತೋ, ಈಗ ಪಿನಿಯನ್ ಶಾಫ್ಟಿಗಿಂತ ಜೋರಾಗಿ ತಿರುಗುತ್ತದೆ, ಅದೇ ಮರೆಯಲ್ಲಿ ಹಿಂದಕ್ಕೆ ಹಾರುತ್ತದೆ. ಟಿಣ್! ಹೋಗುವುದಕ್ಕೂ ಬರುವುದಕ್ಕೂ ಒಂದೇ ಮರೆ, ಒಂದೇ ನಿಯಮ, ಅಪ್ಪಣೆ ಕೊಡುವವರು ಯಾರೂ ಇಲ್ಲ. ಯಂತ್ರಗಳಲ್ಲಿ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಜಾಣತನ ನಾನು ಹೆಚ್ಚು ಕಂಡಿಲ್ಲ.

ಈ ಹಾರಾಟ ನಡೆಯುವುದು ಕ್ಲಚ್ಚಿನ ಮನೆಯೊಳಗೆ. ಕ್ಲಚ್ ಪ್ಲೇಟು ಸವೆದ ಕರಿಹುಡಿ ದಿನವೂ ಅಲ್ಲಿ ಉದುರುತ್ತದೆ. ಒಣ ಮರೆಯ ಮೇಲೆ ಬಿದ್ದ ಹುಡಿ ಪಿನಿಯನ್ನಿನ ಮೊದಲ ಹಾರಾಟಕ್ಕೇ ಉದುರಿಹೋಗುತ್ತದೆ. ಗ್ರೀಸಿದ್ದರೆ ಕೂತುಕೊಳ್ಳುತ್ತದೆ, ಗಟ್ಟಿಯಾಗುತ್ತದೆ, ಪಿನಿಯನ್ ಮರೆಗೆ ಅಂಟಿ ಶಾಫ್ಟಿನ ಜೊತೆಗೇ ಸುತ್ತುತ್ತದೆ, ಮುಂದಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಬೆಂಡಿಕ್ಸಿಗೆ ಮಾಡಬೇಕಾದ ಸೇವೆ ಎಂದರೆ ಸೀಮೆಎಣ್ಣೆ ಸ್ನಾನ. ಚಾಚಾ ಬಣ್ಣದ ಬ್ರಷ್ಷಿನಿಂದ ಮರೆಯ ಒಂದೊಂದು ಹೊರಳನ್ನೂ ಉಜ್ಜಿ ತೊಳೆದರು. ಕಪ್ಪು ನೀರು ಇಳಿದು ಒಳಗಿನ ಉಕ್ಕು ಬೂದುಬಣ್ಣಕ್ಕೆ ತಿರುಗಿತು. ಬನಿಯನ್ ಬಟ್ಟೆಯಲ್ಲಿ ಒರೆಸಿ, ಊದಿ ಒಣಗಿಸಿ, ಎರಡು ಬೆರಳಲ್ಲಿ ಪಿನಿಯನ್ ಹಿಡಿದು ಶಾಫ್ಟನ್ನು ಒಮ್ಮೆ ಹೊರಳಿಸಿದರು. ಅದು ಸರ್ರನೆ ತುದಿಗೆ ಹೋಗಿ, ಬಿಟ್ಟೊಡನೆ ತನ್ನ ತೆಳು ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬಂತು. ಎಣ್ಣೆಯ ಡಬ್ಬಿ ಅಲ್ಲೇ ಇತ್ತು, ಮುಟ್ಟಲಿಲ್ಲ. ಎಣ್ಣೆ ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು. ಕೈಗೆಟುಕಿದ ಡಬ್ಬಿಯನ್ನು ಎತ್ತದೆ ಬಿಡುವುದರಲ್ಲೇ ಮಿಸ್ತ್ರಿಯ ತರಬೇತಿ ಕಾಣುತ್ತದೆ ಎಂದು ನನಗೆ ಅಂದೇ ಅನಿಸಿದ್ದು.

ಎಣ್ಣೆ ಬೇಕಾದ ಜಾಗ ಬೇರೆ. ಮೋಟರಿನೊಳಗೆ ತಿರುಗುವ ಆರ್ಮೇಚರಿನ ಎರಡು ತುದಿ ಕೂರುವ ಬುಷ್ಷುಗಳು. ಇವು ಎರಕದ ಕಂಚಲ್ಲ. ಕಂಚಿನ ಪುಡಿಯನ್ನು ಒತ್ತಿ, ಕರಗದಷ್ಟು ಮಾತ್ರ ಕಾಯಿಸಿ ಗಟ್ಟಿ ಮಾಡಿದವು. ಕಣ್ಣಿಗೆ ಗಟ್ಟಿ ಲೋಹ, ಆದರೆ ಗಾತ್ರದ ಸುಮಾರು ಐದನೇ ಒಂದು ಪಾಲು ಒಳಗೆ ಬರಿಯ ಸೂಕ್ಷ್ಮ ರಂಧ್ರ. ಸುಡುಮಣ್ಣಿನ ಹೊಸ ಭಾಂಡು ಮೊದಲ ಗುಟುಕು ಚಹಾವನ್ನು ತಾನೇ ಕುಡಿಯುವ ಹಾಗೆ ಇದು ಎಣ್ಣೆ ಕುಡಿಯುತ್ತದೆ. ಹೊಸ ಬುಷ್ಷನ್ನು ಕೂರಿಸುವ ಮುಂಚೆ ತೆಳು ಇಂಜಿನ್ ಎಣ್ಣೆಯಲ್ಲಿ 24 ಗಂಟೆ ಮುಳುಗಿಸಿಡಬೇಕೆಂದು ಲ್ಯೂಕಸ್ ಕೈಪಿಡಿಗಳೇ ಹೇಳುತ್ತವೆ. ಅವಸರವಿದ್ದರೆ 100 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯಲ್ಲಿ ಎರಡು ಗಂಟೆ. ಸೆಲ್ಫ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಬಂದು ಶಾಫ್ಟಿಗೆ ಹಾಸುತ್ತದೆ, ತಣ್ಣಗಾದಾಗ ಒಳಕ್ಕೆ ಸರಿಯುತ್ತದೆ. ವರ್ಷಗಟ್ಟಲೆ ಇದೇ ಉಸಿರಾಟ.

ಚಾಚಾನ ಬಳಿ ಅವಸರದವರಿಗೆ ಇನ್ನೂ ಒಂದು ಉಪಾಯವಿತ್ತು, ಹಳೆಯ ಮಿಸ್ತ್ರಿಗಳೆಲ್ಲ ಬಲ್ಲದ್ದು. ಬುಷ್ಷಿನ ಒಂದು ಬಾಯಿಗೆ ತೋರುಬೆರಳು ಒತ್ತಿ, ತೂತಿನ ತುಂಬ ಎಣ್ಣೆ ಬಿಟ್ಟು, ಮೇಲಿನ ಬಾಯಿಗೆ ಹೆಬ್ಬೆರಳಿಟ್ಟು ಅದುಮಿದರು. ಉಗುರು ಬೆಳ್ಳಗಾಯಿತು. ಮೊದಲು ಏನೂ ಇಲ್ಲ. ಆಮೇಲೆ ಬುಷ್ಷಿನ ಹೊರಮೈ ಮಂಕಾಯಿತು, ನೋಡುತ್ತಿದ್ದಂತೆ ಸಾಸಿವೆಗಿಂತ ಸಣ್ಣ ಹನಿಗಳು ಒಂದೊಂದಾಗಿ ಮೂಡಿ, ಎರಡು ಕೂಡಿ ಒಂದಾಗಿ, ಅಂಚಿಗೆ ಜಾರಿದವು. ಗಟ್ಟಿ ಲೋಹ ಬೆವರುವುದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ಕನ್ನಡಕ ಏರಿಸಿಕೊಂಡು ಬಗ್ಗಿದರು, ಎರಡನೇ ಬುಷ್ಷಿಗೂ ಹಾಗೇ ಮಾಡಿ ತೋರಿಸಿ ಎಂದು ಹುಡುಗನ ದನಿಯಲ್ಲಿ ಕೇಳಿದರು. ಕೂರಿಸಿದ ಮೇಲೆ ಬಿಗಿಯಾಯಿತೆಂದು ಈ ಬುಷ್ಷನ್ನು ರೀಮರಿನಿಂದ ಕೆರೆಯಬಾರದು. ಕೆರೆದರೆ ರಂಧ್ರಗಳ ಬಾಯಿ ಮುಚ್ಚಿ, ಕುಡಿದ ಎಣ್ಣೆ ಒಳಗೇ ಸೆರೆಯಾಗುತ್ತದೆ. ನುಣ್ಣಗಿನ ಮ್ಯಾಂಡ್ರಲ್ ಮೇಲಿಟ್ಟೇ ಒತ್ತಿ ಕೂರಿಸಬೇಕು, ಅದರ ಅಳತೆಯೇ ತೂತಿನ ಅಳತೆ.

ಬುಷ್ಷು ಸವೆದರೆ ಆಗುವುದೇನೆಂದರೆ, ಆರ್ಮೇಚರು ತುಸು ಜೋತುಬಿದ್ದು ಸುತ್ತಲಿನ ಅಯಸ್ಕಾಂತದ ಪೋಲುಗಳಿಗೆ ಮೈ ತಿಕ್ಕುತ್ತದೆ. ಆಗ ಬರುವುದು ‘ಉಂ... ಉಂ...’ ಎಂಬ ನಿಧಾನದ ನರಳಿಕೆ. ಜನ ಬ್ಯಾಟರಿ ಬದಲಾಯಿಸುತ್ತಾರೆ, ಪಾಪ.

ಆರ್ಮೇಚರಿಗೆ ಕರೆಂಟು ದಾಟಿಸುವ ಕಮ್ಯುಟೇಟರಿನ ಚೆಲುವನ್ನು ಕುರಿತು ಯಾರಾದರೂ ಬರೆಯಬೇಕಿತ್ತು. ತಾಮ್ರದ ಪಟ್ಟಿಗಳು ಸುತ್ತ ನಿಂತು, ಪಟ್ಟಿಪಟ್ಟಿಯ ನಡುವೆ ಅಭ್ರಕದ ತೆಳು ಗೆರೆ. ಆರೋಗ್ಯವಾಗಿರುವ ಕಮ್ಯುಟೇಟರು ಥಳಥಳ ಹೊಳೆಯುವುದಿಲ್ಲ. ಕಾರ್ಬನ್ ಬ್ರಷ್ಷು ಉಜ್ಜಿ ಉಜ್ಜಿ ಒಂದು ತೆಳುವಾದ ಕಂದು ಹೊದಿಕೆ ಬಂದಿರುತ್ತದೆ. ಅದನ್ನು ಕೊಳೆಯೆಂದು ತಿಳಿದು ಕನ್ನಡಿ ಮಾಡಲು ಹೊರಡುವವರು ಉಂಟು. ಸುಟ್ಟ ಕಪ್ಪು ಕಲೆ ಇದ್ದರೆ ಮಾತ್ರ ಅತಿ ನಯವಾದ ಉಪ್ಪುಕಾಗದ ಸುತ್ತಿ ತಿರುಗಿಸಬೇಕು. ಎಮರಿ ಕಾಗದ ಕೂಡದು, ಅದರ ಹುಡಿ ಪಟ್ಟಿಗಳ ನಡುವೆ ಕೂತು ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತದೆ. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಆಯಿತು. ಇಲ್ಲಿಗೆ ಎಣ್ಣೆಯ ಹನಿ ಬಿದ್ದರೆ ಕಾರ್ಬನ್ನಿನ ಪುಡಿಯ ಜೊತೆ ಸೇರಿ ಮಸಿ ಕಟ್ಟುತ್ತದೆ. ಎಣ್ಣೆಗಾಗಿ ಬಾಯಿ ಬಿಡುವ ಬುಷ್ಷು ಇಲ್ಲಿಂದ ಎರಡು ಬೆರಳ ದೂರದಲ್ಲಿದೆ ಎಂಬುದನ್ನು ನೆನೆದರೆ ಆ ಕೈಗೆ ಎಷ್ಟು ಹದ ಬೇಕೆಂದು ತಿಳಿಯುತ್ತದೆ.

ಹೊರಗೆ ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲೀನು, ಅದೂ ಕ್ಲಾಂಪು ಬಿಗಿದ ಮೇಲೆ. ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯ ಬುಡ ಕೆರೆದು ಬಿಗಿಯುವುದನ್ನು ಮರೆಯಬಾರದು, ಅಷ್ಟೇ.

ಕೋಲ್ಕತ್ತಾದ ಹವೆ ಈ ಕಸುಬಿನ ಅನ್ನದಾತ. ನಮ್ಮ ಮೈಸೂರು ಕಡೆಯ ಒಣಗಾಳಿಯಲ್ಲಿ ಹತ್ತಾರು ವರ್ಷ ತೆಪ್ಪಗಿರುವ ಸೆಲ್ಫು ಇಲ್ಲಿ ಬೇಗ ಬೇನೆ ಬೀಳುತ್ತದೆ. ಆಷಾಢದ ಒಂದು ಜೋರು ಮಳೆಗೆ ಠನ್‌ಠನಿಯಾ, ಆಮ್‌ಹರ್ಸ್ಟ್ ಸ್ಟ್ರೀಟು ಮೊಣಕಾಲುದ್ದ ನೀರಾಗುತ್ತವೆ. ಸೆಲ್ಫಿನ ಜಾಗ ಇಂಜಿನ್ನಿನ ತಗ್ಗಿನಲ್ಲಿ. ನೀರು ನುಗ್ಗಿದರೆ ಬುಷ್ಷಿನ ಎಣ್ಣೆ ತೊಳೆದು, ಬೆಂಡಿಕ್ಸಿನ ಮರೆಗೆ ತುಕ್ಕಿನ ಕೆಂಪು ಹತ್ತುತ್ತದೆ. ಅದಕ್ಕೇ ತಿಳಿದ ಚಾಲಕರು ಮಳೆಯ ಜೋರು ತಗ್ಗತೊಡಗಿದಾಗ, ಸೆಪ್ಟೆಂಬರ್ 17ರ ಹೊತ್ತಿಗೆ ಬರುವ ವಿಶ್ವಕರ್ಮ ಪೂಜೆಗೆ ಮುಂಚೆ, ಸೆಲ್ಫ್ ಬಿಚ್ಚಿಸುತ್ತಾರೆ. ನಮ್ಮಲ್ಲಿ ಆಯುಧಪೂಜೆಗೆ ಗಾಡಿ ತೊಳೆದು ಕುಂಬಳಕಾಯಿ ಒಡೆದರೆ, ಇಲ್ಲಿ ವಿಶ್ವಕರ್ಮನಿಗೆ ಗ್ಯಾರೇಜಿನಲ್ಲೇ ಪೆಂಡಾಲು, ಮೇಲೆ ಆಕಾಶದ ತುಂಬ ಗಾಳಿಪಟ. ದೇವರ ಮುಂದೆ ಇಟ್ಟ ಸ್ಪ್ಯಾನರುಗಳನ್ನು ಮಾತ್ರ ಎರಡೂ ಊರಲ್ಲಿ ಒಂದೇ ರೀತಿ ಒರೆಸಿಟ್ಟಿರುತ್ತಾರೆ.

ಗಾಡಿಯ ಸದ್ದನ್ನು ರಸವೆಂದು ಗುರುತಿಸಿದ ಕಲಾವಿದನೊಬ್ಬನೂ ಈ ನಾಡಿನವನೇ. ಋತ್ವಿಕ್ ಘಟಕ್ 1958ರಲ್ಲಿ ತೆಗೆದ ‘ಅಜಾಂತ್ರಿಕ್’ ಚಿತ್ರದಲ್ಲಿ ಬಿಮಲ್ ಎಂಬ ಟ್ಯಾಕ್ಸಿ ಚಾಲಕ, ಜಗದ್ದಲ್ ಎಂಬ ಅವನ ಮುರುಕು ಶೆವ್ರೊಲೆ. ಸುಬೋಧ್ ಘೋಷರ ಕತೆ, ಅಲಿ ಅಕ್ಬರ್ ಖಾನರ ಸಂಗೀತ. ರೇಡಿಯೇಟರಿಗೆ ನೀರು ಹೊಯ್ದರೆ ಗಾಡಿ ಗಟಗಟ ಕುಡಿಯುವ ಸದ್ದು ಬರುತ್ತದೆ, ಬೇಸರವಾದರೆ ಗೊಣಗುತ್ತದೆ. ಅದನ್ನು ನೋಡಿ ಇದೆಲ್ಲ ಕವಿಯ ಅತಿಶಯ ಅನ್ನುವವರು ಮಲ್ಲಿಕ್ ಬಜಾರಿನಲ್ಲಿ ಅರ್ಧ ದಿನ ಕಳೆಯಬೇಕು. ಅಲ್ಲಿ ಗಿರಾಕಿ ಗಾಡಿಯ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾನೆ, ಮಿಸ್ತ್ರಿ ಸದ್ದಿನಲ್ಲೇ ಉತ್ತರ ಕೊಡುತ್ತಾನೆ, ವ್ಯಾಪಾರ ಮುಗಿಯುತ್ತದೆ.

ಚಾಚಾ ಹೇಳಿಕೊಟ್ಟ ಇನ್ನೊಂದು ಸ್ವಾರಸ್ಯ: ನಾಲ್ಕು ಸಿಲಿಂಡರಿನ ಇಂಜಿನ್ ನಿಲ್ಲುವಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಒಂದಿಲ್ಲೊಂದು ಸಿಲಿಂಡರಿನ ಒತ್ತಡ ತಡೆದು, ಸುತ್ತಿನಲ್ಲಿ ಎದುರುಬದುರಾದ ಎರಡೇ ಜಾಗಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ಪಿನಿಯನ್ ಬಂದು ಬಡಿಯುವುದು ರಿಂಗಿನ ಆ ಎರಡು ಕಡೆಯ ಹಲ್ಲಿಗೇ. ಹಳೆಯ ರಿಂಗ್ ಬಿಚ್ಚಿದರೆ ಎರಡು ಕಡೆ ಹಲ್ಲು ಮೊಂಡು, ನಡುವೆ ಹೊಸದರ ಹಾಗೆ ಚೂಪು. ಮಿತವ್ಯಯದ ಮಿಸ್ತ್ರಿಗಳು ರಿಂಗನ್ನು ಕಾಯಿಸಿ ತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸುತ್ತಾರೆ. ಎಳೆಯ ಹಲ್ಲುಗಳು ಸರದಿಗೆ ಬರುತ್ತವೆ. ಮೊಂಡು ಹಲ್ಲಿಗೆ ಪಿನಿಯನ್ ಸಿಕ್ಕಿ ಕಚ್ಚಿಕೊಂಡರೆ, ಸೆಲ್ಫಿನ ಹಿಂಬದಿಯ ಪುಟ್ಟ ಮುಚ್ಚಳ ತೆಗೆದು ನೋಡಿ, ಶಾಫ್ಟಿನ ತುದಿಯನ್ನು ಚೌಕವಾಗಿ ಕಡಿದಿಟ್ಟಿರುತ್ತಾರೆ. ಅಲ್ಲಿಗೆ ಸ್ಪ್ಯಾನರು ಹಾಕಿ ತುಸು ತಿರುವಿದರೆ ಬಿಡಿಸಿಕೊಳ್ಳುತ್ತದೆ. ಮುಂದೊಂದು ದಿನ ನಡುದಾರಿಯಲ್ಲಿ ಹೀಗಾಗುತ್ತದೆ ಎಂದು ಕಾರ್ಖಾನೆಯಲ್ಲೇ ಊಹಿಸಿ ಆ ನಾಲ್ಕು ಮಗ್ಗುಲು ಕಡಿದವನಿಗೆ ನನ್ನದೊಂದು ನಮಸ್ಕಾರ. ಈಚಿನ ಸೆಲ್ಫುಗಳಲ್ಲಿ ಆ ಸೌಜನ್ಯ ಇಲ್ಲ.

ಈಚಿನವುಗಳಲ್ಲಿ ಬೇರೆ ಬಗೆಯ ರುಚಿ ಉಂಟು ಎಂದು ಒಪ್ಪಿಕೊಂಡದ್ದು ಮಂದಾರ್‌ಮಣಿಯಲ್ಲಿ. ಕೋಲ್ಕತ್ತಾದವರು ಶನಿವಾರ ಭಾನುವಾರ ಓಡಿಹೋಗುವ ಕಡಲತೀರ ಅದು, ಪೂರ್ವ ಮೇದಿನೀಪುರ ಜಿಲ್ಲೆಯಲ್ಲಿ. ಮರಳ ಮೇಲೆ ದಪ್ಪ ಟೈರಿನ ನಾಲ್ಕು ಚಕ್ರದ ಎಟಿವಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಇವುಗಳ ಸೆಲ್ಫು ಮುಷ್ಟಿ ಗಾತ್ರದ್ದು, ಬೆಂಡಿಕ್ಸಿನ ಹಾರಾಟ ಇಲ್ಲ. ಪಿನಿಯನ್ ಸದಾ ಹಲ್ಲಿಗೆ ಹಲ್ಲು ಕೊಟ್ಟೇ ಇರುತ್ತದೆ. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚೊಂದು ಇಂಜಿನ್ ಎದ್ದೊಡನೆ ಸುಮ್ಮನೆ ಬಿಟ್ಟುಕೊಡುತ್ತದೆ. ಆ ಕ್ಲಚ್ಚು, ಗೇರು ಇಂಜಿನ್ನಿನ ಎಣ್ಣೆಯಲ್ಲೇ ನೆನೆದಿರುವುದರಿಂದ ಕಾಲಕಾಲಕ್ಕೆ ಒಳ್ಳೆಯ ಎಣ್ಣೆ ಬದಲಿಸುವುದೇ ಅದರ ಆರೈಕೆ. ಹದ ಬೇಕಾದದ್ದು ಸೆಲ್ಫಿನ ಮೂತಿ ಇಂಜಿನ್ನಿನೊಳಕ್ಕೆ ತೂರುವ ಜಾಗದಲ್ಲಿ. ಅಲ್ಲೊಂದು ರಬ್ಬರಿನ ಓ-ರಿಂಗ್. ಅದಕ್ಕೆ ಬೆರಳಿನಿಂದ ತೆಳುವಾಗಿ ಗ್ರೀಸು ಸವರಿದರೆ ನೆರಿಗೆ ಬೀಳದೆ, ಹರಿಯದೆ ಕೂರುತ್ತದೆ. ಒಳಗಿನ ಎಣ್ಣೆ ಹೊರಕ್ಕಿಲ್ಲ, ಹೊರಗಿನ ಉಪ್ಪುನೀರು ಒಳಕ್ಕಿಲ್ಲ. ಅಲ್ಲಿಂದ ಒಂದಂಗುಲ ದಾಟಿದರೆ ಬೋಲ್ಟು ಕೂರುವ ಕಿವಿ. ಮೋಟರಿನ ಅರ್ಥ್ ಅದರ ಮೈಯ ಮೂಲಕವೇ ಹೋಗಬೇಕಾದ್ದರಿಂದ ಆ ಕಿವಿಯನ್ನು ಬಿಳಿ ಲೋಹ ಕಾಣುವ ತನಕ ಕೆರೆದು ಒಣದಾಗಿಯೇ ಬಿಗಿಯಬೇಕು. ರಬ್ಬರಿಗೆ ಗ್ರೀಸು, ಕಿವಿಗೆ ಏನೂ ಇಲ್ಲ. ಉಪ್ಪುಗಾಳಿಯಲ್ಲಿ ಆ ಕಿವಿಗೆ ಬಿಳಿ ಹುಡಿ ಬೆಳೆದು, ಬಟನ್ ಒತ್ತಿದರೆ ಬರಿ ‘ಟಕ್’ ಅನ್ನುವ ಗಾಡಿಗಳು ಆ ಸಾಲಿನಲ್ಲೇ ಕಂಡವು.

ಗಾಡಿ ನೋಡಿಕೊಳ್ಳುವ ಹುಡುಗನ ಬಳಿ ಎಲ್ಲದಕ್ಕೂ ಒಂದೇ ಔಷಧ: ‘ಪುಸ್’ ಎಂದು ಹೊಡೆಯುವ ಸ್ಪ್ರೇ ಡಬ್ಬಿ. ಚೈನಿಗೂ ಅದೇ, ಸೆಲ್ಫಿಗೂ ಅದೇ, ಕೀರಲು ಸೀಟಿಗೂ ಅದೇ. ನೀರು ಓಡಿಸುವುದಕ್ಕೆ, ತುಕ್ಕು ಹಿಡಿದ ನಟ್ಟು ಸಡಿಲಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಇದ್ದ ಗ್ರೀಸನ್ನು ತೊಳೆದು, ತಾನೂ ಹೆಚ್ಚು ದಿನ ನಿಲ್ಲದೆ ಹೋಗುತ್ತದೆ. ಹುಡುಗನಿಗೆ ಇದನ್ನೆಲ್ಲ ನನ್ನ ಅರೆಬರೆ ಬಂಗಾಳಿಯಲ್ಲಿ ವಿವರಿಸಿದೆ.

‘ಸೀಸನ್ ಮುಗಿದರೆ ಮಾಲೀಕರು ಗಾಡಿ ಮಾರ್ತಾರೆ ದಾದಾ, ಕೊಂಡವನು ಬಿಚ್ಚಿಕೊಳ್ಳಲಿ’ ಎಂದ. ಹಾಗೆಂದವನು ಸ್ವಲ್ಪ ಹೊತ್ತಿಗೆ ಸ್ಪ್ರೇ ಡಬ್ಬಿಯನ್ನು ಸೀಟಿನ ಮೇಲಿಟ್ಟು ಹತ್ತಿರ ಬಂದ. ಆ ರಬ್ಬರ್ ರಿಂಗಿಗೆ ಯಾವ ಗ್ರೀಸು ಅಂದಿರಿ, ಚಕ್ರಕ್ಕೆ ಹಾಕುವುದೇ ಆದೀತಾ ಎಂದು ಕೇಳಿದ.